ಹಳೆಯ ವಿಮಾನ ಮತ್ತು ಹೊಸ ಯಜಮಾನ



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಬ್ಬರು ಗೆಳೆಯರೊಡಗೂಡಿ, ಎರಡು ಎಂಜಿನ್‌ಗಳ ಹಳೆಯ ಟರ್ಬೊಪ್ರಾಪ್ ವಿಮಾನವೊಂದನ್ನು ಸ್ವಂತ ಬಳಕೆಗೆ ಕೊಳ್ಳುವ ಆಲೋಚನೆಯಲ್ಲಿದ್ದಾನೆ. "ಸರ್, ತಮ್ಮ ಅಭಿಪ್ರಾಯವೇನು?" ಎಂದು ಕೇಳಿದ್ದಾನೆ. ಈ ಪ್ರಶ್ನೆಯಲ್ಲಿ ನಮ್ಮೆಲ್ಲರಿಗೂ ಸಲ್ಲುವ ಒಂದು ವಿಚಾರವಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಟರ್ಬೊಪ್ರಾಪ್ ಎಂದರೆ ಜೆಟ್ ವಿಮಾನದಲ್ಲಿರುವಂತಹ ಟರ್ಬೈನಿನ ಶಕ್ತಿಯಿಂದ ಪಂಖವನ್ನು ತಿರುಗಿಸುವ ಯಂತ್ರ. 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿದ ಎಟಿಆರ್ ವಿಮಾನ ಇದೇ ಜಾತಿಯದು. ಖಾಸಗಿ ಬಳಕೆಗೆ ಇದರ ಚಿಕ್ಕ ರೂಪಗಳಿವೆ. 1964ರಿಂದ ಮಾರಾಟಕ್ಕೆ ಬಂದ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಅವುಗಳಲ್ಲಿ ಪ್ರಸಿದ್ಧವಾದುದು.

ಐವತ್ತು ವರ್ಷ ಹಳೆಯದಾದ ಇಂತಹ ವಿಮಾನವು ಹೊಸದರ ಬೆಲೆಯ ಸಣ್ಣದೊಂದು ಅಂಶಕ್ಕೆ ದೊರೆಯುತ್ತದೆ. ಮೋಹ ಹುಟ್ಟುವುದು ಅಲ್ಲಿಯೇ. ಆದರೆ ಕೊಳ್ಳುವ ಬೆಲೆ ಹಳತಾದರೂ ನಡೆಸುವ ಬೆಲೆ ಹಳತಾಗುವುದಿಲ್ಲ. ಹಳೆಯ ಕಿಂಗ್ ಏರ್ 90 ಗಂಟೆಗೆ ಸುಮಾರು 300 ಲೀಟರ್ ಇಂಧನವನ್ನು ಬೇಡುತ್ತದೆ. ಅದರ ಪಿಟಿ6 ಎಂಜಿನ್‌ಗೆ ಸಾಮಾನ್ಯವಾಗಿ 3,600 ಗಂಟೆಗಳ ಹಾರಾಟಕ್ಕೊಮ್ಮೆ ಸಂಪೂರ್ಣ ಓವರ್‌ಹಾಲ್ ಮಾಡಿಸಬೇಕೆಂದು ತಯಾರಕರು ಹೇಳುತ್ತಾರೆ. ಅದರ ಅರ್ಧದಷ್ಟು ಹಾರಾಟವಾದಾಗ ಬಿಸಿ ಭಾಗಗಳ ಪರೀಕ್ಷೆಯಾಗಬೇಕು. ಒಂದೊಂದು ಓವರ್‌ಹಾಲ್‌ಗೂ ಲಕ್ಷಗಟ್ಟಲೆ ಡಾಲರ್ ಬೇಕು, ಎಂಜಿನ್‌ಗಳಂತೂ ಎರಡು. ಆದುದರಿಂದ ಅಗ್ಗದ ವಿಮಾನವೆಂದರೆ ಅನೇಕ ವೇಳೆ ಎಂಜಿನ್‌ನ ಆಯುಷ್ಯ ಮುಗಿಯುತ್ತಾ ಬಂದ ವಿಮಾನವೆಂದೇ ಅರ್ಥ.

ಇಷ್ಟಾದರೂ ಹಣದ ಲೆಕ್ಕವು ಎರಡನೆಯ ಮಾತು. ಮೊದಲನೆಯದು ಕಲಿಕೆಯ ಲೆಕ್ಕ. ಇದಕ್ಕೆ ಜಪಾನಿನ ಮಿತ್ಸುಬಿಷಿ ಎಂಯು-2 ವಿಮಾನದ ಕಥೆ ತಕ್ಕ ನಿದರ್ಶನ. 1963ರಲ್ಲಿ ಮೊದಲು ಹಾರಿದ ಈ ವಿಮಾನಗಳು ಸುಮಾರು 700 ತಯಾರಾದವು. ರೆಕ್ಕೆ ಚಿಕ್ಕದು, ವೇಗ ಹೆಚ್ಚು. ಪಕ್ಕಕ್ಕೆ ವಾಲಿಸಲು ಇತರ ವಿಮಾನಗಳಲ್ಲಿರುವ ಐಲರಾನ್‌ಗಳ ಬದಲು ಇದರಲ್ಲಿ ರೆಕ್ಕೆಯ ಮೇಲೆ ಏಳುವ ಸ್ಪಾಯ್ಲರ್ ಎಂಬ ಪಟ್ಟಿಗಳಿವೆ. ಒಂದು ಎಂಜಿನ್ ಕೆಟ್ಟಾಗ ವಿಮಾನ ಆ ಕಡೆಗೆ ವಾಲುತ್ತದೆ. ಚಾಲಕನು ಹಳೆಯ ಅಭ್ಯಾಸದಂತೆ ಹಿಡಿಯನ್ನು ಎದುರು ದಿಕ್ಕಿಗೆ ತಿರುಗಿಸುತ್ತಾನೆ. ಇದರಲ್ಲಿ ಹಾಗೆ ಮಾಡಿದರೆ ಸ್ಪಾಯ್ಲರ್ ಎದ್ದು, ಒಳ್ಳೆಯ ಎಂಜಿನ್ ಇರುವ ರೆಕ್ಕೆಯ ಎತ್ತುವ ಬಲವೇ ಕುಗ್ಗುತ್ತದೆ. ಬೇರೆಡೆ ಪ್ರಾಣ ಉಳಿಸುವ ಕೈಚಳಕವೇ ಇಲ್ಲಿ ಪ್ರಾಣಕ್ಕೆ ಎರವಾಗಬಲ್ಲುದು.

12,500 ಪೌಂಡ್‌ಗಿಂತ ಕಡಿಮೆ ತೂಕದ ಇಂತಹ ವಿಮಾನಕ್ಕೆ ಅಮೆರಿಕದ ಕಾನೂನು ಪ್ರತ್ಯೇಕ ಅರ್ಹತಾಪತ್ರವನ್ನು ಕೇಳುತ್ತಿರಲಿಲ್ಲ. ಅಪಘಾತಗಳು ಹೆಚ್ಚಿದಾಗ ವಿಮಾನದ ರಚನೆಯನ್ನೇ ಹಲವು ಬಾರಿ ಪರಿಶೀಲಿಸಲಾಯಿತು. ಅದು ನಿಯಮಬದ್ಧವಾಗಿಯೇ ಇದೆಯೆಂದು ಕಂಡುಬಂತು. ಕೊನೆಗೆ 2008ರಲ್ಲಿ ಅಲ್ಲಿಯ ವಿಮಾನಯಾನ ಆಡಳಿತವು ಎಂಯು-2 ಹಾರಿಸುವ ಎಲ್ಲರಿಗೂ ವಿಶೇಷ ತರಬೇತಿಯನ್ನೂ ಅದರ ಪುನರಾವರ್ತನೆಯನ್ನೂ ಕಡ್ಡಾಯಗೊಳಿಸಿತು. ಆ ಬಳಿಕ ಅಪಘಾತಗಳು ಗಣನೀಯವಾಗಿ ಇಳಿದವು. ಯಂತ್ರ ಅದೇ, ರೆಕ್ಕೆ ಅದೇ. ಬದಲಾದುದು ಚಾಲಕನ ಶಿಕ್ಷಣವೊಂದೇ.

ಸಾವಿರಾರು ಗಂಟೆ ಹಾರಿದವನಿಗೆ ಮತ್ತೆ ಪಾಠವೇಕೆ ಎಂದು ಕೇಳುವವರಿದ್ದಾರೆ. ಅನುಭವಕ್ಕೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಎಂಜಿನ್ ಕೆಡುವುದು ಅಪರೂಪ. ಅಪರೂಪದ ಸಂಗತಿಯನ್ನು ದಿನನಿತ್ಯದ ಅನುಭವವು ಕಲಿಸಲಾರದು. ಅದನ್ನು ಅಭ್ಯಾಸಕೋಣೆಯಲ್ಲಿ, ಗುರುವಿನ ಎದುರಿನಲ್ಲಿ, ಪದೇಪದೇ ಕಲಿಯಬೇಕು. ಪರೀಕ್ಷೆಯಲ್ಲಿ ಉತ್ತೀರ್ಣನಾಗುವುದೇ ವಿದ್ಯೆಯ ಕೊನೆಯೆಂಬ ಭಾವನೆ ತರಗತಿಯಲ್ಲಿ ಅಂಕಗಳನ್ನಷ್ಟೇ ಕಳೆಯುತ್ತದೆ, ಆಕಾಶದಲ್ಲಿ ಹಿಂದಿನ ಆಸನದಲ್ಲಿರುವ ಹೆಂಡತಿ ಮಕ್ಕಳನ್ನು ಕಳೆಯುತ್ತದೆ.

ಆದುದರಿಂದ, ಮಗೂ, ನನ್ನ ಅಭಿಪ್ರಾಯವಿಷ್ಟು. ವಿಮಾನ ಹಳೆಯದೆಂಬ ಕಾರಣಕ್ಕೆ ಬೇಡವೆನ್ನಲಾರೆ. ದಾಖಲೆ ಪುಸ್ತಕಗಳು ಪೂರ್ಣವಾಗಿವೆಯೇ, ಎಂಜಿನ್‌ಗಳಲ್ಲಿ ಎಷ್ಟು ಗಂಟೆ ಉಳಿದಿವೆ ಎಂಬುದನ್ನು ಮಾರುವವನಿಗೆ ಸಂಬಂಧವಿಲ್ಲದ ತಜ್ಞನಿಂದ ಪರೀಕ್ಷಿಸಿಸು. ಮೂವರು ಪಾಲುದಾರರೂ ಪ್ರತಿವರ್ಷ ಸಿಮ್ಯುಲೇಟರ್ ತರಬೇತಿ ಪಡೆಯುವ ಕರಾರನ್ನು ಬರೆದುಕೊಳ್ಳಿ. ತಪ್ಪಿದವನು ಆ ವರ್ಷ ಹಾರಿಸತಕ್ಕದ್ದಲ್ಲ. ಆನೆಯನ್ನು ಕೊಂಡವನು ಮಾವುತನ ಖರ್ಚಿನಲ್ಲಿ ಚೌಕಾಸಿ ಮಾಡಬಾರದು. ಈ ಕರಾರಿಗೆ ಒಬ್ಬನಾದರೂ ಹಿಂದೆಗೆದರೆ ಆ ವಿಮಾನ ಎಷ್ಟೇ ಅಗ್ಗವಾಗಿದ್ದರೂ ನಿಮಗೆ ಬೇಡ.