ಲೆಕ್ಕಕ್ಕೆ ಬಾರದ ಸೇವೆ

ಯುದ್ಧದ ಚರಿತ್ರೆಯನ್ನು ಓದುವಾಗ ಒಂದು ನೌಕೆಯ ಹೆಸರು ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ, ‘ಅದು ಶತ್ರುವಿನ ಎಷ್ಟು ಹಡಗುಗಳನ್ನು ಮುಳುಗಿಸಿತು?’ ಎಂಬುದು. ‘ಒಂದನ್ನೂ ಇಲ್ಲ’ ಎಂದು ಉತ್ತರ ಬಂದರೆ ಅಲ್ಲಿಗೇ ಬಿಟ್ಟು ಪುಟ ಮಗುಚುತ್ತೇವೆ. ಈ ಅಳತೆಗೋಲು ಸರಿಯಲ್ಲವೆಂದು ನನ್ನ ನಮ್ರ ಅಭಿಪ್ರಾಯ. ನಿದರ್ಶನಕ್ಕಾಗಿ ಒಂದು ಜಲಾಂತರ್ಗಾಮಿಯ ಕಥೆಯನ್ನು ವಾಚಕರ ಮುಂದಿಡುತ್ತೇನೆ.

ಆರ್-19 ಎಂಬ ಈ ಜಲಾಂತರ್ಗಾಮಿಯು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಯಾರಾಗಿ 1918ರ ಅಕ್ಟೋಬರಿನಲ್ಲಿ ಅಮೆರಿಕದ ನೌಕಾಪಡೆಯನ್ನು ಸೇರಿತು. ಮರು ತಿಂಗಳೇ ಮೊದಲನೆಯ ಮಹಾಯುದ್ಧ ಮುಗಿಯಿತು. ಬಹುಕಾಲ ಪರ್ಲ್ ಹಾರ್ಬರಿನಲ್ಲಿದ್ದ ಅದನ್ನು 1931ರಲ್ಲಿ ಸೇವೆಯಿಂದ ಬಿಡಿಸಿ ಮೂಲೆಗಿರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಮತ್ತೆ ಹೊರತೆಗೆದು, 1942ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿಗೆ ಎರವಲು ಕೊಟ್ಟರು. ಹೆಸರೆಂಬುದು ಅದಕ್ಕೆ ಮೊದಲೇ ಇರಲಿಲ್ಲ. ಇದ್ದ ಸಂಖ್ಯೆಯೂ ಬದಲಾಗಿ ಪಿ-514 ಎಂದಾಯಿತು.

ಆಗ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಯು-ಬೋಟುಗಳು ಬ್ರಿಟನ್ನಿಗೆ ಆಹಾರ, ಎಣ್ಣೆಗಳನ್ನು ಒಯ್ಯುವ ಹಡಗುಗಳನ್ನು ಬೇಟೆಯಾಡುತ್ತಿದ್ದವು. ಕಾವಲು ಹಡಗುಗಳಲ್ಲಿ ಆಸ್ಡಿಕ್ ಎಂಬ ಯಂತ್ರವಿತ್ತು. ಅದು ನೀರಿನೊಳಕ್ಕೆ ಶಬ್ದವನ್ನು ಕಳಿಸಿ, ಹಿಂದಿರುಗುವ ಮಾರ್ದನಿಯಿಂದ ಅಡಗಿದ ಶತ್ರುವಿನ ನೆಲೆಯನ್ನು ತಿಳಿಸುತ್ತಿತ್ತು. ಆದರೆ ಮಾರ್ದನಿ ಬಂದುದು ಜಲಾಂತರ್ಗಾಮಿಯಿಂದಲೋ, ಮೀನಿನ ಹಿಂಡಿನಿಂದಲೋ? ಅದನ್ನು ಗುರುತಿಸಲು ಕಿವಿ ಪಳಗಬೇಕು. ಪುಸ್ತಕ ಓದಿದ ಮಾತ್ರಕ್ಕೆ ಕಿವಿ ಪಳಗದು. ನಿಜವಾದ ಜಲಾಂತರ್ಗಾಮಿಯೊಂದು ಮುಳುಗಿ, ಹೊರಳಿ, ತಪ್ಪಿಸಿಕೊಂಡು, ಕಲಿಯುವವರಿಂದ ತನ್ನನ್ನು ಹುಡುಕಿಸಿಕೊಳ್ಳಬೇಕು. ನ್ಯೂಫೌಂಡ್‌ಲೆಂಡಿನ ಕಡಲಿನಲ್ಲಿ ಮುದಿ ಪಿ-514ಕ್ಕೆ ಒಪ್ಪಿಸಿದ್ದು ಈ ಕೆಲಸವನ್ನೇ.

1942ರ ಜೂನ್ 21ರಂದು ಅದು ಅರ್ಜೆಂಷಿಯಾದಿಂದ ಸೇಂಟ್ ಜಾನ್ಸ್ ಬಂದರಿಗೆ ಹೊರಟಿತ್ತು. ದಾರಿಯಲ್ಲಿ ಕೆನಡಾದ ‘ಜಾರ್ಜಿಯನ್’ ಎಂಬ ನೌಕೆ ಅದನ್ನು ಯು-ಬೋಟೆಂದು ಬಗೆದು, ಡಿಕ್ಕಿ ಹೊಡೆದು ಮುಳುಗಿಸಿತು. ಒಳಗಿದ್ದವರಲ್ಲಿ ಒಬ್ಬನೂ ಉಳಿಯಲಿಲ್ಲ. ಜಲಾಂತರ್ಗಾಮಿಯನ್ನು ಬೇಟೆಯಾಡುವುದನ್ನು ಮಿತ್ರರಿಗೆ ಕಲಿಸಲು ಬಂದುದು, ಮಿತ್ರರ ಬೇಟೆಗೇ ಬಲಿಯಾಯಿತು!

ಜಾರ್ಜಿಯನ್ನಿನ ನಾವಿಕರನ್ನು ದೂರುವುದು ನನ್ನ ಉದ್ದೇಶವಲ್ಲ. ಅಂದಿನ ಆ ಕಡಲಿನಲ್ಲಿ ತಡಮಾಡಿದವನೇ ಮುಳುಗುತ್ತಿದ್ದ. ಆದರೆ, ‘ಇದು ಕೇವಲ ಅಪಘಾತ, ಕಾದಾಡಿ ಮಡಿದವರೊಡನೆ ಇವರನ್ನು ಸಮ ಮಾಡಬಹುದೇ?’ ಎಂದು ಯಾರಾದರೂ ಕೇಳಿಯಾರು. ಮಾಡಬಹುದು, ಮಾಡಲೇಬೇಕು. 1943ರ ಮೇ ತಿಂಗಳಲ್ಲಿ ಜರ್ಮನಿಯ ನೌಕಾಧಿಪತಿ ಡ್ಯೋನಿಟ್ಸ್ ಉತ್ತರ ಅಟ್ಲಾಂಟಿಕ್ಕಿನಿಂದ ತನ್ನ ಯು-ಬೋಟುಗಳನ್ನು ಹಿಂದೆಗೆದನು. ಆ ಗೆಲುವಿಗೆ ವಿಮಾನಗಳು, ರೇಡಾರ್ ಮುಂತಾದ ಕಾರಣಗಳು ಹಲವು. ಪಳಗಿದ ಕಿವಿಗಳೂ ಅವುಗಳಲ್ಲಿ ಒಂದು. ಆ ಕಿವಿಗಳನ್ನು ಪಳಗಿಸಿದ್ದು ಇಂಥ ಹಳೆಯ ದೋಣಿಗಳು. ಗೆದ್ದವರ ಪಟ್ಟಿಯಲ್ಲಿ ಅವುಗಳಿಗೆ ಎಡೆಯಿಲ್ಲದಿದ್ದರೆ ಪಟ್ಟಿಯೇ ಅಪೂರ್ಣ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಹಳ್ಳಿಯ ಮೇಷ್ಟರು ಪದವೀಧರರಲ್ಲ. ನಾಳೆ ನನಗೆ ಬರುವ ಪದವಿಪತ್ರದಲ್ಲಿ ನನ್ನ ಹೆಸರಿರುತ್ತದೆ, ಅವರದಿರುವುದಿಲ್ಲ. ಪಿ-514ರ ಕಥೆ ಓದಿದಂದಿನಿಂದ ಈ ಮಾತು ನನ್ನನ್ನು ಚುಚ್ಚುತ್ತಿದೆ. ಗೆದ್ದವರ ಕಥೆ ಬರೆಯುವಾಗ, ಅವರಿಗೆ ಕಲಿಸಿದವರಿಗೂ ಒಂದು ಸಾಲನ್ನು ಮೀಸಲಿಡೋಣವೆಂಬುದೇ ಸಹಪಾಠಿಗಳಲ್ಲಿ ನನ್ನ ಬಿನ್ನಹ.