ಬ್ಯಾರನ್ ಮುಂದೆ ಕೂತ ಮಿದುಳು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಹದ ಮಾಡುವ ದಿನಗಳೆಂದರೆ ರಾತ್ರಿಯಿಡೀ ಜಾಗರಣೆ. ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ತುಂಬಿ, ಥರ್ಮಾಮೀಟರ್ ಇಣುಕಿ ನೋಡಿ, ಮತ್ತೆ ಸುಮ್ಮನೆ ಕೂರಬೇಕು. ಕೆ.ಆರ್. ನಗರದಲ್ಲಿ ಗದ್ದೆಗೆ ನೀರು ಹಾಯಿಸಲು ಕಾಯುವವರದೂ ಇದೇ ಪಾಡು. ಆದರೆ ಮಿದುಳು ಸುಮ್ಮನಿರುವುದಿಲ್ಲ. ಕೈಗೆ ಕೆಲಸವಿಲ್ಲದಾಗಲೇ ಚುರುಕಾಗುವ ಜಾಲವೊಂದು ಅದರಲ್ಲಿದೆ ಎಂದು ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ತಂಡ 2001ರಲ್ಲಿ ಗುರುತಿಸಿತು. ಹಳೆಯ ನೆನಪು, ನಾಳಿನ ಲೆಕ್ಕ, ಹಗಲುಗನಸು ಎಲ್ಲ ಅದರ ಪಾಲು. 2018ರಲ್ಲಿ ಪ್ರಕಟವಾದ, ಸಂಶೋಧಕ ರೋಜರ್ ಬೀಟಿ ತಂಡದ ಅಧ್ಯಯನ, ಜನರನ್ನು ಸ್ಕ್ಯಾನರ್‌ನೊಳಗೆ ಮಲಗಿಸಿ ದಿನಬಳಕೆಯ ವಸ್ತುಗಳಿಗೆ ಹೊಸ ಉಪಯೋಗ ಕೇಳಿತು. ಅಪರೂಪದ ಉತ್ತರ ಕೊಟ್ಟವರಲ್ಲಿ ಈ ಅಲೆಮಾರಿ ಜಾಲವೂ ಅದಕ್ಕೆ ಲಗಾಮು ಹಾಕುವ ಜಾಲವೂ ಹೆಚ್ಚು ಬೆಸೆದುಕೊಂಡಿದ್ದವು. ಹೀಗೆ ಹಲವು ಜಾಲಗಳು ಕೂಡಿ ದುಡಿಯುವಾಗ, ಕಲ್ಪನೆಯೆಲ್ಲ ಬಲಮಿದುಳಿನದು ಎಂಬುದು ಬರೀ ಬುರುಡೆ.

ಹೀಗಿದ್ದರೂ ತರಗತಿಯಲ್ಲಿ ಕಿಟಕಿಯಾಚೆ ನೋಡಿದ ಮಗುವಿಗೆ ನಮ್ಮಲ್ಲಿ ಈಗಲೂ ಗದರಿಕೆಯೇ. ಎಸ್ಸೆಸ್ಸೆಲ್ಸಿಗೆ ಬಂದರಂತೂ ಮುಗಿಯಿತು, ಉರು ಹೊಡೆಯುವುದೊಂದೇ ಕೆಲಸ. ವಾರಕ್ಕೊಂದು ಪೀರಿಯಡ್ಡಾದರೂ ಶಿಕ್ಷಕರು ಹತ್ತು ಉತ್ತರವಿರುವ ಪ್ರಶ್ನೆ ಕೇಳಲಿ: ಸೊಪ್ಪು ಕಟ್ಟುವ ಕಡ್ಡಿಯಿಂದ ಇನ್ನೇನು ಮಾಡಬಹುದು? ನಾಲ್ಕೂ ತಾಲ್ಲೂಕುಗಳ ಬಿಇಒಗಳು ಮುಂದಿನ ಮುಖ್ಯಶಿಕ್ಷಕರ ಸಭೆಯಲ್ಲೇ ಇದನ್ನು ಚರ್ಚೆಗೆತ್ತಿಕೊಳ್ಳಬೇಕು.