ಇಪ್ಪತ್ತಾರರಿಂದ ಭಾಗಿಸಿ

ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಮೊನ್ನೆ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ದೇವದುರ್ಗದಲ್ಲಿ ನನ್ನ ಕೈಯಲ್ಲಿ ಓಮನ ನಿಯಮ ಕಲಿತವನು. ಮುಂದೆ ಮಾನ್ವಿಯ ಒಂದು ಖಾಸಗಿ ಶಾಲೆಯಲ್ಲಿ ಹದಿನಾಲ್ಕು ವರ್ಷ ಗಣಿತ, ವಿಜ್ಞಾನ ಕಲಿಸಿದವನು. ಈಗ ಕೆಲಸ ಬಿಟ್ಟಿದ್ದಾನೆ.

"ಬಿಡೋವಾಗ ಏನ್ ಕೊಟ್ರಪಾ?" ಎಂದೆ.

"ಶಾಲು ಹೊದಿಸಿದ್ರಿ ಸರ್, ಒಂದು ಬುಟ್ಟಿ ಹಣ್ಣು ಕೊಟ್ರು. ಭಾಳ ಚಂದ ಮಾತಾಡಿದ್ರು."

ಗ್ರಾಚ್ಯುಟಿ ಕೇಳಿದರೆ, ಅದು ಕಾರ್ಖಾನೆಯವರಿಗೆ, ಮೇಷ್ಟ್ರಿಗೆಲ್ಲಿ ಎಂದರಂತೆ. ಇವನೂ ನಂಬಿದ್ದಾನೆ.

ನಂಬಿದ್ದು ಪೂರ್ತಿ ಅವನ ತಪ್ಪಲ್ಲ. ನೌಕರ ಎಂದರೆ ಯಾರು ಎನ್ನುವಲ್ಲಿ 1972ರ ಗ್ರಾಚ್ಯುಟಿ ಕಾಯ್ದೆ ಕುಶಲ, ಅರೆಕುಶಲ, ಅಕುಶಲ, ಗುಮಾಸ್ತಿಕೆ ಎಂದೆಲ್ಲ ಪಟ್ಟಿ ಮಾಡಿತ್ತು. ಆ ಪಟ್ಟಿಯ ಯಾವ ಖಾನೆಯಲ್ಲೂ ಶಿಕ್ಷಕ ಬರುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಪ್ಪು ಹಲಗೆಯ ಮುಂದೆ ಆಯುಷ್ಯ ಸವೆಸಿದ ನನಗೆ ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಸುದ್ದಿ ಮಾನ್ವಿಯ ಆ ಶಾಲೆಯ ಗೇಟು ದಾಟಿಲ್ಲ ಅಷ್ಟೆ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಐದು ವರ್ಷ ಸತತ ಸೇವೆ, ವರ್ಷಕ್ಕೆ ಹದಿನೈದು ದಿನದ ಸಂಬಳ ಎಂಬ ಲೆಕ್ಕ ಹಾಗೇ ಇದೆ. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರಿಗಂತೂ ಈಗ ಒಂದು ವರ್ಷವೇ ಸಾಕು.

ನನ್ನ ಕೈಯಲ್ಲಿದ್ದ ಪತ್ರಿಕೆಯ ಅಂಚಿನಲ್ಲಿ ಅವನಿಂದಲೇ ಲೆಕ್ಕ ಮಾಡಿಸಿದೆ. ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಮೂವತ್ತರಿಂದ ಭಾಗಿಸಿ, ಹದಿನೈದರಿಂದ, ಹದಿನಾಲ್ಕರಿಂದ ಗುಣಿಸಿ 91,000 ಎಂದ. ಗಣಿತದ ಮೇಷ್ಟ್ರೇ ತಪ್ಪಿದರು! ವಾರದ ರಜೆಗಳನ್ನು ಬಿಟ್ಟು ತಿಂಗಳಿಗೆ 26 ದಿನ ಎಂದೇ ಭಾಗಿಸಬೇಕು. 1987ರಿಂದ ಕಾಯ್ದೆಯಲ್ಲೇ ಹಾಗೆ ಬರೆದಿದೆ. 1,05,000 ಆಯಿತು. ಎರಡು ಸಲ ತಾಳೆ ನೋಡಿದ.

"ನಮ್ಮಣ್ಣ ರಾಯಚೂರಿನ ಜಿನ್ನಿಂಗ್ ಮಿಲ್ಲಿನ್ಯಾಗ ಹತ್ತಿ ಸೀಜನ್ನಿಗಷ್ಟ ಹೋಗ್ತಾನ್ರಿ. ಅವಗ?"

ಅವನಿಗೂ ಇದೆ, ಸೀಜನ್ನಿಗೆ ಏಳು ದಿನದ ಸಂಬಳದಂತೆ; ಮಿಲ್ಲು ನಡೆದ ದಿನಗಳಲ್ಲಿ ಮುಕ್ಕಾಲು ಪಾಲಾದರೂ ದುಡಿದಿರಬೇಕು. ಮಿಲ್ಲಿರಲಿ, ಶಾಲೆಯಿರಲಿ, ಹತ್ತು ಜನ ನೌಕರರಿದ್ದರೆ ಸಾಕು.

ಮೊದಲು ಆಡಳಿತ ಮಂಡಳಿಗೆ ಬರೆದು ಕೇಳು, ನಕಲು ಇಟ್ಟುಕೋ ಎಂದೆ. ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ. ನೇಮಕಾತಿ ಆದೇಶವನ್ನು ಇವನಿಗೆ ಕೊಟ್ಟೇ ಇಲ್ಲವಂತೆ. ಸಂಬಳ ಜಮಾ ಆದ ಪಾಸ್‌ಬುಕ್ಕುಗಳಿವೆ, ಅವನ ಸಹಿಯಿರುವ ಅಂಕಪಟ್ಟಿಗಳಿವೆ. ಅವನ್ನೆಲ್ಲ ಹುಡುಕಿಡು ಎಂದೆ.

ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ.

"ಮಗಳು ಅಲ್ಲೇ ಏಳನೇ ಕ್ಲಾಸ್ ಓದ್ತಾಳ್ರಿ ಸರ್."

ಇದಕ್ಕೆ ನನ್ನ ಬಳಿ ಯಾವ ಕಲಮೂ ಇರಲಿಲ್ಲ. ರಾಯಚೂರು ಬಸ್ ನಿಲ್ದಾಣ ಬಂತು. ಇಳಿಯುವಾಗ ಪತ್ರಿಕೆಯ ಆ ಅಂಚನ್ನು ಹರಿದು, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡ.